ಲಕ್ಷ ಕಿಲೋಮೀಟರ್ ದಾಟಿದ ಕಾರಿಗೆ ಬಾಟಲಿ ಔಷಧ ಬೇಕಾ?

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಕೇಳಿವೆ. ಕಾರು ಹಳೆಯದು, ಮೀಟರ್ ಲಕ್ಷ ದಾಟಿದೆ, ಸರ್ವಿಸ್‌ಗೆ ಬಿಟ್ಟರೆ ಬಿಲ್ಲಿನ ಕೊನೆಯಲ್ಲಿ ಒಂದೆರಡು ಬಾಟಲಿಗಳು ತಾವಾಗಿಯೇ ಬಂದು ಕೂತಿರುತ್ತವೆ. ಟ್ಯಾಂಕಿಗೆ ಒಂದು, ಎಂಜಿನ್ ಆಯಿಲ್‌ಗೆ ಒಂದು. ಇವು ಬೇಕಾ, ಬೇಡವಾ, ಒಂದೇ ಮಾತಿನಲ್ಲಿ ಹೇಳಿ ಅಂತ ಹಲವರು ಬರೆದಿದ್ದೀರಿ. ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಟ್ಯಾಂಕಿಗೆ ಹಾಕುವ ಬಾಟಲಿಯ ಕಥೆಯೇ ಬೇರೆ, ಆಯಿಲ್‌ಗೆ ಹಾಕುವುದರ ಕಥೆಯೇ ಬೇರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಇದಕ್ಕೇ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನನ್ನದು 2012ರ ವ್ಯಾಗನ್‌ಆರ್, ಪೆಟ್ರೋಲ್, 1.40 ಲಕ್ಷ ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಎರಡು ನಿಮಿಷ ಪಿಕಪ್ಪೇ ಇರುವುದಿಲ್ಲ, ಆಮೇಲೆ ಸರಿಹೋಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ನಡುಗುತ್ತದೆ. ಸರ್ವಿಸ್‌ನವರು ಟ್ಯಾಂಕಿಗೆ ಕ್ಲೀನರ್, ಆಯಿಲ್‌ಗೆ ಫ್ಲಶ್, ಜೊತೆಗೆ ಡಿಕಾರ್ಬನೈಸಿಂಗ್, ಎಲ್ಲ ಸೇರಿ ನಾಲ್ಕೂವರೆ ಸಾವಿರ ಎಂದರು. ನಮ್ಮ ಬೀದಿಯ ಮೆಕ್ಯಾನಿಕ್ಕು 'ಸುಮ್ನೆ ದುಡ್ಡು ದಂಡ ಸಾರ್' ಅಂತಾರೆ. ಯಾರ ಮಾತು ಕೇಳಲಿ? (ತುಮಕೂರು)

ಉತ್ತರ: ಟ್ಯಾಂಕಿನ ಬಾಟಲಿಯ ವಿಷಯದಲ್ಲಿ ಸರ್ವಿಸ್‌ನವರು ಹೇಳಿದ್ದು ನಿಮ್ಮ ಕಾರಿಗೆ ಒಪ್ಪುವ ಮಾತು. ಉಳಿದೆರಡರಲ್ಲಿ ನಿಮ್ಮ ಮೆಕ್ಯಾನಿಕ್ಕೇ ಸರಿ.

ಮೊದಲು ದಾರಿ ಗೊತ್ತಾಗಲಿ. ಎಂಜಿನ್ ಒಳಗೆ ಪೆಟ್ರೋಲ್ ಹೋಗುವ ದಾರಿ ಒಂದು: ಟ್ಯಾಂಕು, ಪಂಪು, ಫಿಲ್ಟರು, ಇಂಜೆಕ್ಟರು, ಇನ್‌ಟೇಕ್ ವಾಲ್ವಿನ ಹಿಂಭಾಗ, ಉರಿಯುವ ಜಾಗ, ಸೈಲೆನ್ಸರು. ಆಯಿಲ್ ಹೋಗುವ ದಾರಿ ಇನ್ನೊಂದು: ಕೆಳಗಿನ ಚೇಂಬರ್, ಅದರ ಜಾಲರಿ, ಪಂಪು, ಫಿಲ್ಟರು, ಬೇರಿಂಗು, ಮೇಲೆ ವಾಲ್ವುಗಳು ಕೂರುವ ಹೆಡ್ಡು, ಮತ್ತೆ ಕೆಳಗೆ. ಟ್ಯಾಂಕಿಗೆ ಸುರಿದದ್ದು ಆಯಿಲ್ ದಾರಿಯ ಕೊಳೆ ತೆಗೆಯುವುದಿಲ್ಲ, ಆಯಿಲ್‌ಗೆ ಸುರಿದದ್ದು ಇಂಜೆಕ್ಟರ್ ಮುಟ್ಟುವುದಿಲ್ಲ. ಯಾರಾದರೂ ಬಾಟಲಿ ತೋರಿಸಿ 'ಇಡೀ ಎಂಜಿನ್ ಕ್ಲೀನ್ ಆಗುತ್ತೆ ಸಾರ್' ಅಂದರೆ, ಯಾವ ದಾರಿಯ ಯಾವ ಜಾಗ ಅಂತ ಕೇಳಿ. ಉತ್ತರ ಬರದಿದ್ದರೆ ಬಾಟಲಿಯೂ ಬೇಡ.

ಈಗ ನಿಮ್ಮ ಕಾರಿನ ಲಕ್ಷಣ. ಬಿಸಿ ಎಂಜಿನ್ ಆಫ್ ಮಾಡಿದಾಗ ಇಂಜೆಕ್ಟರ್ ತುದಿಯಲ್ಲಿ ಉಳಿದ ಚೂರು ಪೆಟ್ರೋಲ್ ಅಲ್ಲೇ ಬೆಂದು ಅಂಟಾಗಿ ಗಟ್ಟಿಯಾಗುತ್ತದೆ. ಸಣ್ಣ ಸಣ್ಣ ಟ್ರಿಪ್ ಜಾಸ್ತಿ ಇದ್ದಷ್ಟೂ ಇದು ಬೇಗ ಸೇರುತ್ತದೆ. ಆಮೇಲೆ ಮಂಜಿನ ಥರ ಬರಬೇಕಾದ ಪೆಟ್ರೋಲ್ ಹನಿ ಹನಿಯಾಗಿ ಬೀಳುತ್ತದೆ. ಇನ್‌ಟೇಕ್ ವಾಲ್ವಿನ ಹಿಂದೆ ಆಯಿಲ್ ಆವಿ ಮತ್ತು ಪೆಟ್ರೋಲಿನ ಜಿಡ್ಡು ಸೇರಿ ಕರಿ ಪದರ ಕಟ್ಟುತ್ತದೆ. ಈ ಪದರ ಸ್ಪಂಜಿನಂತೆ ಇರುತ್ತದೆ. ಬೆಳಿಗ್ಗೆ ತಣ್ಣಗಿನ ಎಂಜಿನ್‌ಗೆ ಚಿಮ್ಮಿದ ಪೆಟ್ರೋಲಿನಲ್ಲಿ ಒಂದು ಪಾಲನ್ನು ಅದೇ ಹೀರಿಕೊಳ್ಳುತ್ತದೆ, ಸಿಲಿಂಡರಿಗೆ ಸಿಗುವುದು ಕಡಿಮೆ, ಗಾಳಿ ಜಾಸ್ತಿ. ಎಂಜಿನ್ ಬಿಸಿಯಾದ ಮೇಲೆ ಆ ಪೆಟ್ರೋಲ್ ಆವಿಯಾಗಿ ಹೊರಬರುವುದರಿಂದ ಸರಿಹೋಗುತ್ತದೆ. ನೀವು ಹೇಳಿದ 'ಮೊದಲ ಎರಡು ನಿಮಿಷ' ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ನಿಮ್ಮದು ಎಂಪಿಎಫ್‌ಐ ಎಂಜಿನ್. ಅಂದರೆ ಪೆಟ್ರೋಲ್ ವಾಲ್ವಿನ ಹಿಂಭಾಗಕ್ಕೇ ಬೀಳುತ್ತದೆ. ಅದರಲ್ಲಿ ಒಳ್ಳೆಯ ಡಿಟರ್ಜೆಂಟ್ ಇದ್ದರೆ ಅದು ಕೊಳೆ ಇರುವ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಹಾಗಾಗಿ ಇಂಥ ಎಂಜಿನ್‌ಗೆ ಟ್ಯಾಂಕಿನ ಬಾಟಲಿ ನಿಜಕ್ಕೂ ಕೆಲಸ ಮಾಡಬಲ್ಲದು. ಎಲ್ಲ ಬಾಟಲಿಯೂ ಅಲ್ಲ. ಪಾಲಿಈಥರ್ ಅಮೈನ್ ಎಂಬ ರಾಸಾಯನಿಕ ಇರುವುದನ್ನು ನೋಡಿ ತಗೊಳ್ಳಿ, ಚುಟುಕಾಗಿ ಪಿಇಎ ಅಂತಾರೆ. ಅಮೆರಿಕದ ಶೆವ್ರಾನ್ ಕಂಪನಿ 1981ರಲ್ಲಿ ಟೆಕ್ರಾನ್ ಹೆಸರಿನಲ್ಲಿ ಹೆಸರುವಾಸಿ ಮಾಡಿದ್ದು ಇದನ್ನೇ. ಇದು ಜಾಸ್ತಿ ಬಿಸಿ ತಡೆಯುತ್ತದೆ. ಹಾಗಾಗಿ ಇಂಜೆಕ್ಟರ್ ಮತ್ತು ವಾಲ್ವಿನ ಜೊತೆಗೆ ಉರಿಯುವ ಜಾಗದ ಕಾರ್ಬನ್ ಮೇಲೂ ಪರಿಣಾಮ ಬೀರುತ್ತದೆ. ಪಿಐಬಿಎ ಎಂಬ ಇನ್ನೊಂದು ಜಾತಿಯೂ ಇದೆ. ವಾಲ್ವಿಗೆ ಪರವಾಗಿಲ್ಲ, ಉರಿಯುವ ಜಾಗಕ್ಕೆ ಅಷ್ಟು ಆಗಿಬರುವುದಿಲ್ಲ. ಲೇಬಲ್ ಮೇಲೆ ಎಷ್ಟೋ ಸಲ ಇದೆಲ್ಲ ಬರೆದಿರುವುದಿಲ್ಲ. ಕಂಪನಿಯ ಸೈಟಿನಲ್ಲಿ ಸೇಫ್ಟಿ ಡೇಟಾ ಶೀಟ್ ಸಿಗುತ್ತದೆ, ಅದರಲ್ಲಿ ಮುಖ್ಯ ಅಂಶಗಳ ಪಟ್ಟಿ ಇರುತ್ತದೆ. ಬರೀ ನಾಫ್ತಾ, ಪೆಟ್ರೋಲಿಯಂ ಡಿಸ್ಟಿಲೇಟ್ ಅಂತ ಮಾತ್ರ ಇದ್ದರೆ ನೀವು ದುಬಾರಿ ಸೀಮೆಎಣ್ಣೆ ಕೊಳ್ಳುತ್ತಿದ್ದೀರಿ ಅಂತಲೇ ತಿಳಿಯಿರಿ.

ಹಾಕುವ ಕ್ರಮ ಹೀಗೆ. ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಮೊದಲು ಬಾಟಲಿ ಸುರಿದು, ಮೇಲೆ ಪೆಟ್ರೋಲ್ ತುಂಬಿಸಿ. ಆಗ ಚೆನ್ನಾಗಿ ಬೆರೆಯುತ್ತದೆ. ನಿಮ್ಮ ಟ್ಯಾಂಕ್ 35 ಲೀಟರಿನದು. ಬಾಟಲಿ ಎಷ್ಟು ಲೀಟರಿಗೆ ಅಂತ ಲೇಬಲ್ ನೋಡಿ, ಅಷ್ಟೇ ಹಾಕಿ. 'ಹಳೇ ಗಾಡಿ, ಎರಡು ಹಾಕೋಣ' ಬೇಡ. ಆಮೇಲೆ ಹೆದ್ದಾರಿಯಲ್ಲಿ ಒಂದು ಉದ್ದದ ಓಟ ಕೊಡಿ. ನಿಮ್ಮೂರಿನಿಂದ ಚಿತ್ರದುರ್ಗಕ್ಕೆ ಹೋಗಿ ಬಂದರೆ ಸಾಕು. ಆ ಟ್ಯಾಂಕ್ ಬಹುಪಾಲು ಮುಗಿಯುವ ತನಕ ಮಧ್ಯೆ ಬೇರೆ ಪೆಟ್ರೋಲ್ ಬೆರೆಸಬೇಡಿ. ಈ ಕೆಲಸವನ್ನು ಆಯಿಲ್ ಬದಲಿಸುವ ಸ್ವಲ್ಪ ಮುಂಚೆ ಇಟ್ಟುಕೊಳ್ಳಿ, ಯಾಕೆಂದರೆ ಉರಿಯದೆ ಉಳಿದ ಡಿಟರ್ಜೆಂಟ್ ಚೂರು ಪಿಸ್ಟನ್ ರಿಂಗಿನ ಸಂದಿಯಿಂದ ಆಯಿಲ್‌ಗೂ ಇಳಿಯುತ್ತದೆ. ಮರುವಾರವೇ ಆಯಿಲ್ ಬದಲಾದರೆ ಆ ತಲೆನೋವೂ ಇಲ್ಲ.

ಆದರೆ ಬಾಟಲಿಗಿಂತ ಮೊದಲು ಬೇರೆ ಕೆಲಸ ಇದೆ. ಎಂಜಿನ್‌ಗೆ ಹೋಗುವ ಗಾಳಿಯನ್ನು ಹತೋಟಿಯಲ್ಲಿಡುವ ಥ್ರಾಟಲ್ ಬಾಡಿ ಇಂಜೆಕ್ಟರಿಗಿಂತ ಹಿಂದೆಯೇ ಇರುತ್ತದೆ, ಪೆಟ್ರೋಲ್ ಅದನ್ನು ಮುಟ್ಟುವುದೇ ಇಲ್ಲ. ಅದರ ಕಪ್ಪು ಅಂಟನ್ನು ಸ್ಪ್ರೇ ಹೊಡೆದು ಬಟ್ಟೆಯಿಂದ ಒರೆಸಬೇಕು. ಸಿಗ್ನಲ್‌ನಲ್ಲಿ ನಡುಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ನೋಡಿ: ತಿಳಿ ಕಂದು ಬಣ್ಣ ಇದ್ದರೆ ಸರಿ, ಒಣ ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಬೀಳುತ್ತಿದೆ, ಜಿಡ್ಡು ಒದ್ದೆ ಇದ್ದರೆ ಆಯಿಲ್ ಮೇಲೆ ಬರುತ್ತಿದೆ. ಏರ್ ಫಿಲ್ಟರ್ ನೋಡಿ. ನಿಮ್ಮದು ಮೂರು ಸಿಲಿಂಡರಿನ ಎಂಜಿನ್, ಹೊಸದಿದ್ದಾಗಲೂ ಸ್ವಲ್ಪ ಅದುರುವ ಜಾತಿ. ಎಂಜಿನ್ ಮೌಂಟಿನ ರಬ್ಬರ್ ಕುಸಿದಿದ್ದರೆ ಆ ಅದುರು ಸೀಟಿನ ತನಕ ಬರುತ್ತದೆ, ಆಗ ಟ್ಯಾಂಕಿಗೆ ಅಮೃತ ಸುರಿದರೂ ನಿಲ್ಲುವುದಿಲ್ಲ.

ಬಾಟಲಿ ಕೆಲಸ ಮಾಡಿತಾ ಅಂತ ತಿಳಿಯಲು 'ಸ್ಮೂತ್ ಆದ ಹಾಗಿದೆ' ಅನ್ನುವ ಅನಿಸಿಕೆ ನಂಬಬೇಡಿ. ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ಹಾಗನಿಸುತ್ತದೆ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ 'ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್' ಎಂಬ ಅಂಕಿ ಬರೆದುಕೊಳ್ಳಿ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಹತ್ತು ಪರ್ಸೆಂಟಿಗಿಂತ ಮೇಲೆ ಹೋಗಿದ್ದರೆ ಎಂಜಿನ್ ಕಂಪ್ಯೂಟರು ಕಡಿಮೆ ಬೀಳುತ್ತಿರುವ ಪೆಟ್ರೋಲನ್ನು ಸರಿದೂಗಿಸಲು ಒದ್ದಾಡುತ್ತಿದೆ ಅಂತ ಅರ್ಥ. ಎಲ್ಲಾದರೂ ಗಾಳಿ ಸೋರುತ್ತಿದ್ದರೂ ಹೀಗೇ ತೋರಿಸುತ್ತದೆ, ಅದನ್ನು ಮೊದಲು ನೋಡಿಸಿ. ಸೋರಿಕೆ ಇಲ್ಲ, ಬಾಟಲಿ ಹಾಕಿದ ಟ್ಯಾಂಕ್ ಮುಗಿದ ಮೇಲೆ ಅಂಕಿ ಇಳಿದಿದೆ ಅಂದರೆ ದುಡ್ಡು ವ್ಯರ್ಥವಾಗಿಲ್ಲ.

ಇನ್ನು ಡಿಕಾರ್ಬನೈಸಿಂಗ್. ಹೈಡ್ರೋಜನ್ ಮಿಷನ್ ಪೈಪನ್ನು ಗಾಳಿ ಹೋಗುವ ಕಡೆ ಸಿಕ್ಕಿಸಿ ಎಂಜಿನ್ ಅರ್ಧ ಗಂಟೆ ಸುಮ್ಮನೆ ಓಡಿಸುವುದನ್ನು ಈ ಹೆಸರಿನಲ್ಲಿ ಮಾರುತ್ತಾರೆ. ನನಗೆ ಇದರ ಮೇಲೆ ನಂಬಿಕೆ ಇಲ್ಲ. ಮಾಡಿಸಲೇಬೇಕು ಅಂತಿದ್ದರೆ ಪ್ಲಗ್ ತೂತಿನಿಂದ ಬೋರೋಸ್ಕೋಪ್ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯ ಫೋಟೋ ತೆಗೆಸಿ, ಮುಂಚೆ ಒಂದು, ಆಮೇಲೆ ಒಂದು. ಈ ಷರತ್ತು ಹಾಕಿದರೆ ಎಷ್ಟೋ ಕಡೆ ಡಿಕಾರ್ಬನೈಸಿಂಗ್ ಮಾತೇ ನಿಂತುಹೋಗುತ್ತದೆ. ಫ್ಲಶ್ ಬಗ್ಗೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಸ್ವಿಫ್ಟ್ ಡೀಸೆಲ್, 2.10 ಲಕ್ಷ ಕಿ.ಮೀ. ಗಾಡಿ ಚೆನ್ನಾಗಿದೆ. ಆದರೆ ಆಯಿಲ್ ಬದಲಿಸಿದ ಮರುದಿನ ಕಡ್ಡಿ ಎಳೆದು ನೋಡಿದರೆ ಕಾಡಿಗೆಯ ಹಾಗೆ ಕಪ್ಪು. ಒಳಗೆ ಗಲೀಜು ತುಂಬಿದೆ, ಎಂಜಿನ್ ಫ್ಲಶ್ ಮಾಡಿಸಿ ಅಂತಾರೆ. ಇನ್ನೊಬ್ಬರು ಹಳೇ ಆಯಿಲ್‌ಗೆ ಅರ್ಧ ಲೀಟರ್ ಡೀಸೆಲ್ ಹಾಕಿ ಹತ್ತು ನಿಮಿಷ ಓಡಿಸಿ ಇಳಿಸಿ, ಖರ್ಚೇ ಇಲ್ಲ ಅಂತಾರೆ. (ಹುಬ್ಬಳ್ಳಿ)

ಉತ್ತರ: ಎರಡೂ ಬ್ಯಾಡ್ರಿ. ಗಾಡಿ ಚೆನ್ನಾಗಿದೆ ಅಂತ ನೀವೇ ಬರೆದಿದ್ದೀರಿ.

ಡೀಸೆಲ್ ಎಂಜಿನ್‌ನಲ್ಲಿ ಆಯಿಲ್ ಕಪ್ಪಾಗುವುದು ರೋಗ ಅಲ್ಲ. ಡೀಸೆಲ್ ಉರಿದಾಗ ಮಸಿ ಬರುತ್ತದೆ, ಅದರಲ್ಲಿ ಸ್ವಲ್ಪ ಆಯಿಲ್‌ಗೆ ಇಳಿಯುತ್ತದೆ. ಆ ಮಸಿ ಒಂದು ಕಡೆ ಮುದ್ದೆಗಟ್ಟದ ಹಾಗೆ ಹಿಡಿದಿಟ್ಟುಕೊಂಡು ತಿರುಗಾಡುವುದೇ ಆಯಿಲ್‌ನ ಕೆಲಸ. ಹಳೇ ಆಯಿಲ್ ಇಳಿಸಿದಾಗಲೂ ಒಂದಿಷ್ಟು ಒಳಗೇ ಉಳಿಯುತ್ತದೆ. ಹೊಸದನ್ನು ಕಪ್ಪು ಮಾಡಲು ಅದಷ್ಟೇ ಸಾಕು. ಬಣ್ಣ ನೋಡಿ ಗಲೀಜು ಅನ್ನುವವರು ಪೆಟ್ರೋಲ್ ಕಾರಿನ ಲೆಕ್ಕ ಹಿಡಿದಿರುತ್ತಾರೆ.

ನೋಡಬೇಕಾದದ್ದು ಬೇರೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಲೋಹದ ಮೇಲೆ ಕಂದು ಅಥವಾ ಕಪ್ಪು ತೆಳು ಬಣ್ಣ ಇದ್ದು, ಬೆರಳಿಗೆ ಎಣ್ಣೆ ಮಾತ್ರ ಹತ್ತಿದರೆ ಯೋಚನೆ ಬೇಡ. ಡಾಂಬರಿನ ಹಾಗೆ ದಪ್ಪಗೆ ಕೆರೆದು ತೆಗೆಯುವಷ್ಟು ಕೂತಿದ್ದರೆ ಅದು ನಿಜವಾದ ಕೆಸರು, ಅಂದರೆ ಸ್ಲಡ್ಜ್. ತಮಾಷೆ ಏನೆಂದರೆ ಈ ಎರಡನೇ ಸ್ಥಿತಿಯಲ್ಲೇ ಫ್ಲಶ್ ಜಾಸ್ತಿ ಅಪಾಯ. ಫ್ಲಶ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ತೆಳು ಸಾಲ್ವೆಂಟ್ ಮತ್ತು ಡಿಟರ್ಜೆಂಟ್. ಹಳೇ ಆಯಿಲ್‌ಗೆ ಸುರಿದು ಹತ್ತು ಹದಿನೈದು ನಿಮಿಷ ಐಡ್ಲಿಂಗ್‌ನಲ್ಲಿಟ್ಟು ಇಳಿಸುತ್ತಾರೆ. ವರ್ಷಗಟ್ಟಲೆ ಕೂತ ಕೆಸರು ಆ ಹತ್ತು ನಿಮಿಷದಲ್ಲಿ ಕರಗಿ ನೀರಾಗುವುದಿಲ್ಲ, ಹೆಕ್ಕಳೆಯಾಗಿ ಏಳುತ್ತದೆ. ಎದ್ದದ್ದು ಚೇಂಬರಿನ ಜಾಲರಿಗೆ ಬಂದು ಮೆತ್ತಿಕೊಳ್ಳುತ್ತದೆ. ಜಾಲರಿ ಕಟ್ಟಿದರೆ ಪಂಪಿಗೆ ಆಯಿಲ್ ಇಲ್ಲ, ಬೇರಿಂಗಿಗೆ ಇಲ್ಲ, ಟರ್ಬೋಗೂ ಇಲ್ಲ. ಟರ್ಬೋ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ವಸ್ತು, ಅದಕ್ಕೆ ಆಯಿಲ್ ಬರುವ ಪೈಪು ಸಣ್ಣದು. ಕೆಲವು ನಿಮಿಷ ಆಯಿಲ್ ಸಿಗದಿದ್ದರೂ ಅದರ ಕಥೆ ಮುಗಿಯಿತು. ನಿಮ್ಮ ಎಂಜಿನ್‌ನ ಟೈಮಿಂಗ್ ಚೈನ್ ಬಿಗಿ ಹಿಡಿಯುವುದೂ ಆಯಿಲ್ ಒತ್ತಡವೇ.

ಆಯಿಲ್‌ಗೆ ಡೀಸೆಲ್ ಬೆರೆಸುವುದು ಹಳೇ ಲಾರಿ ಕಾಲದ ಪದ್ಧತಿ. ಡೀಸೆಲ್ ತೆಳು. ಬೇರಿಂಗ್ ಮತ್ತು ಶಾಫ್ಟ್ ಮಧ್ಯೆ ಇರಬೇಕಾದ ಎಣ್ಣೆ ಪದರವನ್ನು ಅದು ಸೋಲಿಸುತ್ತದೆ, ಇಳಿಸಿದ ಮೇಲೂ ಸ್ವಲ್ಪ ಒಳಗೇ ಉಳಿದು ಹೊಸ ಆಯಿಲನ್ನು ತೆಳು ಮಾಡುತ್ತದೆ. ಖರ್ಚೇ ಇಲ್ಲ ಅನ್ನುವವರು ಆಮೇಲಿನ ಖರ್ಚು ಕೊಡುವುದಿಲ್ಲ ಅಲ್ವಾ?

ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನವರು ಆಯಿಲ್ ಯಾವಾಗ ಬದಲಿಸಿದರು ಅಂತ ಗೊತ್ತಿಲ್ಲದಿದ್ದರೆ ಫ್ಲಶ್ ಮಾಡಬೇಡಿ. ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡಿನ ಒಳ್ಳೆಯ ಸಿಂಥೆಟಿಕ್ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿ, ಎರಡು ಮೂರು ಸಾವಿರ ಕಿ.ಮೀ.ಗೆ ಇಳಿಸಿ, ಮತ್ತೆ ಹಾಕಿ, ಮತ್ತೆ ಇಳಿಸಿ. ಆಯಿಲ್‌ನಲ್ಲೇ ಇರುವ ಡಿಟರ್ಜೆಂಟ್ ನಿಧಾನವಾಗಿ ಕೊಳೆ ಎಬ್ಬಿಸುತ್ತದೆ, ಫಿಲ್ಟರ್ ಹಿಡಿಯುತ್ತದೆ. ಇಳಿಸಿದ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆ ನೋಡಿ, ಒಳಗೆ ಏನು ನಡೆಯುತ್ತಿದೆ ಅಂತ ಅದೇ ಹೇಳುತ್ತದೆ. ಡಾಂಬರಿನಂಥ ಕೆಸರೇ ಇದ್ದರೆ ಚೇಂಬರ್ ಬಿಚ್ಚಿ ಜಾಲರಿಯನ್ನು ಕೈಯಲ್ಲಿ ತೊಳೆಸಿ. ಬಾಟಲಿಗಿಂತ ಕೂಲಿ ಜಾಸ್ತಿ ಆಗುತ್ತದೆ. ಆದರೂ ಅದೇ ಸರಿಯಾದ ಕೆಲಸ.

ಡೀಸೆಲ್ ಟ್ಯಾಂಕಿಗೆ ಹಾಕುವ ಇಂಜೆಕ್ಟರ್ ಕ್ಲೀನರ್ ಬಗ್ಗೆಯೂ ಕೇಳುವವರಿದ್ದಾರೆ. ಈಗಿನ ಡೀಸೆಲ್ ಕಾರುಗಳ ಕಾಮನ್ ರೇಲ್ ಇಂಜೆಕ್ಟರ್ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ಕೂದಲೆಳೆಯಂಥ ತೂತಿನಿಂದ ಚಿಮ್ಮುತ್ತದೆ. ತೂತಿನಲ್ಲಿ ಸ್ವಲ್ಪ ಕೊಳೆ ಕೂತಿದ್ದರೆ ಬಾಟಲಿ ಸಹಾಯ ಮಾಡುತ್ತದೆ, ಒಳಗೆ ಸವೆದಿದ್ದರೆ ಏನೂ ಆಗುವುದಿಲ್ಲ. ಯಾವುದು ಅಂತ ತಿಳಿಯಲು ಡೀಸೆಲ್ ಪಂಪು-ನೋಜಲ್ ಅಂಗಡಿಯಲ್ಲಿ ರಿಟರ್ನ್ ಲೀಕ್ ಟೆಸ್ಟ್ ಮಾಡುತ್ತಾರೆ, ಅಂದರೆ ಇಂಜೆಕ್ಟರಿನಿಂದ ವಾಪಸ್ ಸೋರುವ ಡೀಸೆಲ್ ಅಳೆಯುತ್ತಾರೆ. ಇನ್ನು ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್‌ಗೇ ಬಿಡುವ ಇಜಿಆರ್ ವಾಲ್ವ್: ಅದಕ್ಕೆ ಬರುವುದು ಸೈಲೆನ್ಸರ್ ಕಡೆಯ ಹೊಗೆ, ಡೀಸೆಲ್ ಅಲ್ಲ. ಹಾಗಾಗಿ ಟ್ಯಾಂಕಿಗೆ ಏನು ಸುರಿದರೂ ಅದರ ಮಸಿ ಹೋಗುವುದಿಲ್ಲ, ಬಿಚ್ಚಿಯೇ ತೊಳೆಯಬೇಕು. ಡೀಸೆಲ್‌ಗೆ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಆಯಿಲ್) ಬೆರೆಸುವ ಅಭ್ಯಾಸ ಇದ್ದವರು ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಗೆ ಅದನ್ನು ತರಬೇಡಿ. ಆಯಿಲ್ ಉರಿದ ಬೂದಿ ಫಿಲ್ಟರಿನಲ್ಲೇ ಕೂರುತ್ತದೆ, ಮಸಿಯ ಹಾಗೆ ಸುಟ್ಟು ಹೋಗುವುದಿಲ್ಲ.

ಪ್ರಶ್ನೆ: ಪೆಟ್ರೋಲ್ ಸೆಡಾನ್, 1.80 ಲಕ್ಷ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದು ಬುಸ್ ನೀಲಿ ಹೊಗೆ, ಆಮೇಲೆ ಇಲ್ಲ. ಎರಡು ಸಾವಿರ ಕಿ.ಮೀ.ಗೆ ಒಂದು ಲೀಟರಿನಷ್ಟು ಆಯಿಲ್ ಹಾಕಬೇಕಾಗುತ್ತದೆ. ಅಂಗಡಿಯವರು ಜೇನಿನಂಥ ದಪ್ಪ ಆಯಿಲ್ ಟ್ರೀಟ್‌ಮೆಂಟ್ ಕೊಟ್ಟಿದ್ದಾರೆ, 'ಬೋರ್ ಕೆಲಸ ತಪ್ಪುತ್ತೆ' ಅಂದರು. ಹಾಕಲಾ? (ಸಾಗರ)

ಉತ್ತರ: ಬೋರ್ ಕೆಲಸ, ಅಂದರೆ ಎಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸುವುದು, ಬೇಕು ಅಂತ ಹೇಳಿದವರು ಯಾರು? ನಿಮ್ಮ ಲಕ್ಷಣ ಕೇಳಿದರೆ ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ. ಅದು ಸಣ್ಣ ರಬ್ಬರ್ ಟೋಪಿ. ವರ್ಷಗಳ ಬಿಸಿಗೆ ಗಟ್ಟಿಯಾಗಿ, ರಾತ್ರಿ ನಿಂತಾಗ ಹೆಡ್ಡಿನ ಆಯಿಲ್ ಹನಿ ಹನಿಯಾಗಿ ಕೆಳಗಿಳಿಯಲು ಬಿಡುತ್ತದೆ. ಬೆಳಿಗ್ಗೆ ಅದು ಉರಿದು ನೀಲಿ ಹೊಗೆ. ರಿಂಗ್ ಹೋಗಿದ್ದರೆ ಹೊಗೆ ಓಡುವಾಗ, ಏರು ಹತ್ತುವಾಗ, ಆಕ್ಸಿಲರೇಟರ್ ಒತ್ತಿದಾಗಲೂ ಬರಬೇಕಿತ್ತು. ನಿಮ್ಮ ಕಡೆ ಘಾಟಿಗೇನೂ ಕೊರತೆ ಇಲ್ಲ. ಹತ್ತುವಾಗ ಹಿಂದೆ ಬರುವ ಗಾಡಿಯವರನ್ನು ಕೇಳಿ ನೋಡಿ.

ಗ್ಯಾರೇಜಿನಲ್ಲಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಸಿಲಿಂಡರಿಂದ ಸಿಲಿಂಡರಿಗೆ ಹತ್ತು ಹದಿನೈದು ಪರ್ಸೆಂಟಿಗಿಂತ ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಅಂಕಿ ಜಿಗಿದರೆ ರಿಂಗ್ ಸವೆದಿದೆ, ಹಾಗೇ ಇದ್ದರೆ ವಾಲ್ವ್ ಕಡೆ ತೊಂದರೆ. ಇದರ ಜೊತೆಗೆ ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ನೋಡಿಸಿ. ಅದು ಕಟ್ಟಿಕೊಂಡರೆ ಒಳಗಿನ ಗಾಳಿ ಒತ್ತಡ ಏರಿ ಆಯಿಲನ್ನು ಎಲ್ಲ ಸಂದಿಯಿಂದ ತಳ್ಳುತ್ತದೆ. ಸಣ್ಣ ಭಾಗ, ಬೆಲೆಯೂ ಸಣ್ಣದು, ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಆ ದಪ್ಪ ದ್ರವ ಬಹುಪಾಲು ಆಯಿಲನ್ನು ಇನ್ನಷ್ಟು ದಪ್ಪ ಮಾಡುವ ಪಾಲಿಮರ್. ಹಾಕಿದರೆ ಹೊಗೆ ಕಡಿಮೆಯಾಗಬಹುದು, ಶಬ್ದವೂ ತಗ್ಗಬಹುದು. ಹಳೇ ಕಾರು ಮಾರುವ ಕೆಲವರಿಗೆ ಇದು ಅಚ್ಚುಮೆಚ್ಚು, ಗಿರಾಕಿ ಬರುವ ದಿನಕ್ಕೆ ಎಂಜಿನ್ ಮೌನವಾಗಿರುತ್ತದೆ. ಆದರೆ ಬೆಳಿಗ್ಗೆ ತಣ್ಣಗಿದ್ದಾಗ ದಪ್ಪ ಆಯಿಲ್ ಹೆಡ್ಡಿನ ತನಕ ಏರಲು ತಡ ಮಾಡುತ್ತದೆ. ಸವೆತ ಜಾಸ್ತಿ ಆಗುವುದೇ ಆ ಹೊತ್ತಿನಲ್ಲಿ. ಇಂಥ ಬಾಟಲಿಗಳ ದೊಡ್ಡ ಮಾತು ಹೊಸದಲ್ಲ. ಟೆಫ್ಲಾನ್ ಜಾತಿಯ ಪುಡಿ ಇದ್ದ ಸ್ಲಿಕ್ 50 ಎಂಬ ಆಯಿಲ್ ಟ್ರೀಟ್‌ಮೆಂಟಿನ ಜಾಹೀರಾತಿನ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ದೂರು ಹಾಕಿತು. ಸವೆತ ಕಡಿಮೆಯಾಗುತ್ತದೆ ಅನ್ನುವ ಮಾತಿಗೆ ಆಧಾರ ಇಲ್ಲ ಅನ್ನುವುದು ಅದರ ವಾದ. 1997ರಲ್ಲಿ ಕಂಪನಿ ರಾಜಿಗೆ ಬಂತು, ಪುರಾವೆ ಇಲ್ಲದೆ ಅಂಥ ಮಾತು ಹೇಳುವುದಿಲ್ಲ ಅಂತ ಒಪ್ಪಿಕೊಂಡಿತು.

ಹೈ ಮೈಲೇಜ್ ಅಂತ ಬರೆದ ಆಯಿಲ್ ಸಿಕ್ಕರೆ ಅದನ್ನು ಹಾಕಿ ನೋಡಬಹುದು. ಅದರಲ್ಲಿ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುವ ಅಂಶ ಕಂಪನಿಯೇ ಅಳತೆಯಲ್ಲಿ ಬೆರೆಸಿರುತ್ತದೆ. ಬಿರುಕು ಬಿಟ್ಟ ಸೀಲ್‌ಗೆ ಅದೂ ಸಾಲದು. ಎರಡು ಸಾವಿರಕ್ಕೆ ಒಂದು ಲೀಟರ್ ಅಂದರೆ ಗಾಬರಿಯ ಮಟ್ಟ ಅಲ್ಲ, ವಾರಕ್ಕೊಮ್ಮೆ ಕಡ್ಡಿ ನೋಡಿ ಹಾಕಿಕೊಂಡು ಓಡಿಸಬಹುದು. ಆದರೆ ವರ್ಷಾನುಗಟ್ಟಲೆ ಹಾಗೇ ಬಿಟ್ಟರೆ ಉರಿದ ಆಯಿಲ್‌ನ ರಂಜಕ ಮತ್ತು ಸತು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತವೆ. ಅದರ ಬೆಲೆ ಕೇಳಿದರೆ ಸೀಲ್ ಬದಲಿಸುವುದೇ ಸೋವಿ ಅನಿಸುತ್ತದೆ.

ಪ್ರಶ್ನೆ: ನನ್ನದು ಟರ್ಬೋ ಪೆಟ್ರೋಲ್, ಡೈರೆಕ್ಟ್ ಇಂಜೆಕ್ಷನ್, 90 ಸಾವಿರ ಕಿ.ಮೀ. ಮನೆ ವೈಟ್‌ಫೀಲ್ಡ್, ಆಫೀಸು ಎಲೆಕ್ಟ್ರಾನಿಕ್ ಸಿಟಿ. ಪ್ರತಿ ಐದು ಸಾವಿರಕ್ಕೆ ಫ್ಯೂಯೆಲ್ ಕ್ಲೀನರ್ ಹಾಕುತ್ತೇನೆ. ವಾಲ್ವಿನ ಕಾರ್ಬನ್‌ಗೆ ಅದು ಸಾಕಾ? (ಬೆಂಗಳೂರು)

ಉತ್ತರ: ವಾಲ್ವಿಗೆ ಸಾಕಾಗುವುದಿಲ್ಲ, ಅಲ್ಲಿಗೆ ಅದು ತಲುಪುವುದೇ ಇಲ್ಲ. ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೆ ಚಿಮ್ಮುತ್ತದೆ, ವಾಲ್ವಿನ ಹಿಂಭಾಗವನ್ನು ತೊಳೆಯುವವರು ಯಾರೂ ಇಲ್ಲ. ಅಲ್ಲಿ ಆಯಿಲ್ ಆವಿ ಬಂದು ಕೂತು ಬೇಯುತ್ತಾ ಹೋಗುತ್ತದೆ. ತುಮಕೂರಿನವರ ಹಳೇ ಎಂಜಿನ್‌ಗೆ ಇರುವ ಅನುಕೂಲ ನಿಮ್ಮ ಹೊಸ ತಂತ್ರಜ್ಞಾನಕ್ಕೆ ಇಲ್ಲ. ಕೆಲವು ಕಂಪನಿಗಳು ಇದಕ್ಕೇ ಎರಡೂ ಕಡೆ ಇಂಜೆಕ್ಟರ್ ಇಟ್ಟ ಎಂಜಿನ್ ಮಾಡಿವೆ. ನೀವು ಹಾಕುವ ಕ್ಲೀನರ್ ಇಂಜೆಕ್ಟರ್ ತುದಿಗೆ ಒಳ್ಳೆಯದು, ಅದೂ ಐದು ಸಾವಿರಕ್ಕೊಮ್ಮೆ ಜಾಸ್ತಿಯಾಯಿತು, ಹತ್ತು ಸಾವಿರಕ್ಕೆ ಇಳಿಸಿ. ವಾಲ್ವಿಗೆ ಇನ್‌ಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಲ್ಲಿ ಹೊಡೆದು ಕೆರೆಯುತ್ತಾರೆ. ವಾಲ್‌ನಟ್ ಬ್ಲಾಸ್ಟಿಂಗ್ ಅಂತಾರೆ. ಐಡ್ಲಿಂಗ್ ಏರುಪೇರು, ಮಿಸ್ಸಿಂಗ್, ಎಳೆತ ಕಡಿಮೆ, ಇಂಥದ್ದು ಕಂಡಾಗ ಕ್ಯಾಮೆರಾ ಇಳಿಸಿ ನೋಡಿ ಆಮೇಲೆ ಮಾಡಿಸಿ, ಸುಮ್ನೆ ಕ್ಯಾಲೆಂಡರ್ ನೋಡಿ ಬೇಡ.

ಇನ್ನೊಂದು. ಮೀಟರಿನ 90 ಸಾವಿರ ನೋಡಿ ಸಮಾಧಾನ ಪಡಬೇಡಿ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸರಾಸರಿ ಗಂಟೆಗೆ 18 ಕಿ.ಮೀ. ಅಂದುಕೊಂಡರೂ ನಿಮ್ಮ ಎಂಜಿನ್ 5,000 ಗಂಟೆ ಓಡಿದೆ. ಅದೇ 90 ಸಾವಿರವನ್ನು ಹೆದ್ದಾರಿಯಲ್ಲಿ 60ರ ಸರಾಸರಿಯಲ್ಲಿ ಓಡಿಸಿದವರದ್ದು ಬರೀ 1,500 ಗಂಟೆ. ಆಯಿಲ್ ಬದಲಿಸುವುದನ್ನು ಕಿಲೋಮೀಟರಿಗಿಂತ ಮೊದಲು ತಿಂಗಳ ಲೆಕ್ಕದಲ್ಲಿ ಮಾಡಿ. ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಗುರುತಿಸುವ ಎಸ್‌ಪಿ ದರ್ಜೆಯ ಆಯಿಲ್ ಹಾಕಿ. 2020ರಲ್ಲಿ ಬಂದ ಈ ದರ್ಜೆಯ ಆಯಿಲನ್ನು ಟರ್ಬೋ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳು ಕಡಿಮೆ ವೇಗದಲ್ಲಿ ಹೊತ್ತಿಗೆ ಮುಂಚೆ ಉರಿದು ಬಡಿಯುವುದನ್ನು ತಡೆಯುವ ಹಾಗೂ ರೂಪಿಸಿದ್ದಾರೆ. ಅದರೊಳಗೆ ಡಿಟರ್ಜೆಂಟಿನ ಪ್ರಮಾಣ ಲೆಕ್ಕ ಹಾಕಿ ಇಟ್ಟದ್ದು. ಮೇಲಿಂದ ನೀವು ಒಂದು ಬಾಟಲಿ ಸೇರಿಸಿದರೆ ಆ ಲೆಕ್ಕ ಕೆಡುತ್ತದೆ.

ಪ್ರಶ್ನೆ: ಟ್ಯಾಂಕಿಗೆ ಕರ್ಪೂರ ಅಥವಾ ನುಸಿಗುಳಿಗೆ ಹಾಕಿದರೆ ಕಾರ್ಬನ್ ಸುಟ್ಟು ಮೈಲೇಜ್ ಬರುತ್ತದೆ ಅಂತಾರೆ, ನಿಜವೇ? (ಕಲಬುರಗಿ)

ಉತ್ತರ: ಕರ್ಪೂರ ದೇವರಿಗೆ, ಗುಳಿಗೆ ಬೀರುವಿಗೆ. ನುಸಿಗುಳಿಗೆಯ ನ್ಯಾಫ್ತಲೀನ್ ಪೆಟ್ರೋಲಿನಲ್ಲಿ ಕರಗುತ್ತದೆ, ಹಳೇ ಕಾಲದ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಜನ ಹಾಕಿ ನೋಡಿದ್ದೂ ಉಂಟು. ಪೆಟ್ರೋಲ್ ಆವಿಯಾದ ಮೇಲೆ ಅದು ಮತ್ತೆ ಗಟ್ಟಿಯಾಗಿ ಸಣ್ಣ ತೂತುಗಳಲ್ಲಿ ಕೂರುತ್ತದೆ. ಕಾರ್ಬನ್ ತೆಗೆಯುವ ಗುಣ ಎರಡಕ್ಕೂ ಇಲ್ಲ. ಬಣ್ಣಕ್ಕೆ ಬೆರೆಸುವ ಥಿನ್ನರ್ ಬಗ್ಗೆ ಕೇಳುವವರೂ ಇದ್ದಾರೆ, ಬೇಡವೇ ಬೇಡ, ಪೈಪಿನ ರಬ್ಬರ್ ತಿನ್ನುತ್ತದೆ.

ಪ್ರಶ್ನೆ: ಊರಿನಲ್ಲಿರುವ ಅಪ್ಪನ ಕಾರು 2008ರದು, 1.10 ಲಕ್ಷ. ಈಗ ಬಂಕಿನಲ್ಲಿ ಸಿಗುವುದೆಲ್ಲ ಶೇ 20 ಎಥನಾಲ್ ಬೆರೆತ ಇ20. ಎಥನಾಲ್‌ನಿಂದ ಕಾಪಾಡುತ್ತದೆ, ಮೈಲೇಜ್ ವಾಪಸ್ ತರುತ್ತದೆ ಅಂತ ಒಂದು ಬಾಟಲಿ ಮಾರುತ್ತಿದ್ದಾರೆ. ಅಪ್ಪ ವಾರಕ್ಕೊಮ್ಮೆ ಮಾತ್ರ ಗಾಡಿ ತೆಗೆಯುತ್ತಾರೆ. (ಮೈಸೂರು)

ಉತ್ತರ: ಮೈಲೇಜ್ ವಾಪಸ್ ಬರುವುದಿಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದು ಶೇ 20 ಬೆರೆತರೆ ಲೀಟರಿಗೆ ಶೇ 6–7ರಷ್ಟು ಶಕ್ತಿ ಕಡಿಮೆ. ಮುನ್ನೂರು ಎಂಎಲ್ ಬಾಟಲಿ ಆ ಶಕ್ತಿಯನ್ನು ಎಲ್ಲಿಂದ ತರುತ್ತದೆ? ತುಕ್ಕು ತಡೆಯುವ ಅಂಶ ಅದರಲ್ಲಿದ್ದರೆ ಅಷ್ಟರ ಮಟ್ಟಿಗೆ ಸ್ವಲ್ಪ ಉಪಯೋಗ ಇರಬಹುದು. ಆದರೆ ಹಳೇ ರಬ್ಬರನ್ನು ಅದು ಹೊಸ ರಬ್ಬರ್ ಮಾಡುವುದಿಲ್ಲ. ಇ20 ಮಾರಾಟ ಶುರುವಾಗಿದ್ದು 2023ರ ಫೆಬ್ರವರಿಯಲ್ಲಿ, ನಮ್ಮ ಬೆಂಗಳೂರಿನ ಸಮಾರಂಭದಲ್ಲೇ. 2008ರ ಗಾಡಿಯನ್ನು ಇ20ಗೆಂದು ಕಟ್ಟಿದ್ದಲ್ಲ.

ಬಾಟಲಿಯ ದುಡ್ಡನ್ನು ಪೆಟ್ರೋಲ್ ಪೈಪು ಮತ್ತು ಓ-ರಿಂಗುಗಳಿಗೆ ಹಾಕಿ. ಉಬ್ಬಿದ್ದರೆ, ಬಿರುಕು ಇದ್ದರೆ, ಬಾನೆಟ್ ತೆಗೆದಾಗ ಪೆಟ್ರೋಲ್ ವಾಸನೆ ಬಂದರೆ ತಡ ಮಾಡದೆ ಬದಲಿಸಿ, ಅದು ಬೆಂಕಿಯ ವಿಷಯ. ಫ್ಯೂಯೆಲ್ ಫಿಲ್ಟರ್ ಹೊಸದು ಹಾಕಿಸಿ, ಯಾಕೆಂದರೆ ಎಥನಾಲ್ ಟ್ಯಾಂಕಿನ ಹಳೇ ಅಂಟನ್ನು ತಾನೇ ಎಬ್ಬಿಸಿ ತರುತ್ತದೆ. ವಾರಗಟ್ಟಲೆ ನಿಲ್ಲುವ ಗಾಡಿಯಲ್ಲಿ ಟ್ಯಾಂಕ್ ತುಂಬಿಸಿಡಿ, ಖಾಲಿ ಜಾಗ ಇದ್ದರೆ ಗಾಳಿಯ ತೇವ ಒಳಗೆ ಬರುತ್ತದೆ. ನೀರು ಜಾಸ್ತಿಯಾದರೆ ಎಥನಾಲ್ ಆ ನೀರನ್ನು ಹಿಡಿದುಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತದೆ, ಪಂಪು ಮೊದಲು ಎಳೆಯುವುದೂ ಅದನ್ನೇ. ವಾರಕ್ಕೊಮ್ಮೆ ತೆಗೆಯುವಾಗ ಬೀದಿಯ ಕೊನೆಯ ತನಕ ಹೋಗಿ ಬರದೆ, ಅಪ್ಪನಿಗೆ ಶ್ರೀರಂಗಪಟ್ಟಣದ ಕಡೆ ಒಂದು ಸುತ್ತು ಹೋಗಿ ಬರಲು ಹೇಳಿ. ಆಯಿಲ್ ಬಿಸಿಯಾಗಿ ಅದರೊಳಗಿನ ನೀರಿನಂಶವೂ ಹೋಗುತ್ತದೆ.

ಪ್ರಶ್ನೆ: ಬಾಟಲಿಯ ಬದಲು ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಆಗುವುದಿಲ್ಲವೇ? ಇಲ್ಲಿ ಅಮೆರಿಕದಲ್ಲಿ ಟಾಪ್ ಟಿಯರ್ ಅಂತ ಬೋರ್ಡ್ ಇರುವ ಬಂಕ್ ಹುಡುಕಿ ಹಾಕಿಸಿ ಅಂತಾರೆ, ಅಣ್ಣ ಉಡುಪಿಯಲ್ಲಿ 95 ಆಕ್ಟೇನ್ ಹಾಕಿಸುತ್ತಾನೆ. ಎರಡೂ ಒಂದೇನಾ? (ನ್ಯೂಜೆರ್ಸಿ)

ಉತ್ತರ: ಒಂದೇ ಅಲ್ಲ. ಆಕ್ಟೇನ್ ಅಂದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ಉರಿದು ಬಡಿಯದ ಗುಣ. ಕೊಳೆ ತೆಗೆಯುವುದಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಣ್ಣನ ಕಾರಿನ ಮ್ಯಾನುಯಲ್ 91 ಸಾಕು ಅಂದರೆ 95ರ ಆಕ್ಟೇನ್‌ನಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ. ಆ ಪೆಟ್ರೋಲಿನಲ್ಲಿ ಕಂಪನಿ ಸೇರಿಸಿರುವ ಡಿಟರ್ಜೆಂಟ್ ಏನಾದರೂ ಇದ್ದರೆ ಅದರ ಲಾಭ ಮಾತ್ರ. ಟಾಪ್ ಟಿಯರ್ ಎಂಬುದು ಪೂರ್ತಿ ಡಿಟರ್ಜೆಂಟಿನ ಮಾನದಂಡ, ಆಕ್ಟೇನ್‌ನದ್ದಲ್ಲ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿಗೂ ಕನಿಷ್ಠ ಡಿಟರ್ಜೆಂಟ್ ಕಡ್ಡಾಯ. ಅದು ಸಾಲದು ಅಂತ ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ, ಟೊಯೊಟಾ ಸೇರಿ 2004ರಲ್ಲಿ ಟಾಪ್ ಟಿಯರ್ ತಂದರು. ಅಲ್ಲಿನ ವಾಹನ ಸವಾರರ ಸಂಘ ಎಎಎ 2016ರಲ್ಲಿ ಪರೀಕ್ಷೆ ಮಾಡಿದಾಗ, 4,000 ಮೈಲಿ ಓಟದ ಲೆಕ್ಕದಲ್ಲಿ ಟಾಪ್ ಟಿಯರ್ ಅಲ್ಲದ ಪೆಟ್ರೋಲು ಸರಾಸರಿ 19 ಪಟ್ಟು ಜಾಸ್ತಿ ಕೊಳೆ ಕೂರಿಸಿತ್ತು. ನೀವು ಆ ಬೋರ್ಡ್ ಇರುವ ಕಡೆ ಸಾದಾ ಪೆಟ್ರೋಲನ್ನೇ ಹಾಕಿಸಿ, ಬಾಟಲಿ ಮರೆತುಬಿಡಿ. ಅಣ್ಣನಿಗೆ ಉಡುಪಿಯಲ್ಲಿ ಆ ಬೋರ್ಡ್ ಸಿಗುವುದಿಲ್ಲ. ಅವರು ಸಾದಾ ಪೆಟ್ರೋಲ್ ಹಾಕಿಸಿಕೊಂಡು, ವರ್ಷಕ್ಕೊಮ್ಮೆ ಆಯಿಲ್ ಬದಲಿಸುವ ಮುಂಚಿನ ಟ್ಯಾಂಕಿಗೆ ಒಂದು ಪಿಇಎ ಬಾಟಲಿ ಹಾಕಿದರೆ ಸಾಕು. 95ಕ್ಕೆ ಪ್ರತಿ ಸಲ ಕೊಡುವ ಹೆಚ್ಚುವರಿ ದುಡ್ಡನ್ನು ವರ್ಷಕ್ಕೆ ಕೂಡಿಸಿ ನೋಡಿದರೆ ಅದು ಕಡಿಮೆಯೇ ಆಗುತ್ತದೆ.